ವಿಮಾನದ ಅಳತೆಗೆ ಹೊಲಿದ ಬ್ಯಾಗು

ಮಾರ್ಚ್ ೪, ಸೋಮವಾರ

ನನ್ನ ಪುಟ್ಟೀ,

ಹೇಗಿದ್ದೀಯೆ? ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಹೊಲಿಗೆ ಯಂತ್ರದ ಮುಂದೆ ಕೂತರೆ ಪೆನ್ನು ನೆನಪಾಗುತ್ತದೆ, ಪೆನ್ನು ಹಿಡಿದರೆ ಕೈ ಕತ್ತರಿ ಹುಡುಕುತ್ತದೆ. ನಿನ್ನಲ್ಲಿಗೆ ಬರುವ ಟಿಕೆಟ್ ಸಿಕ್ಕಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ ಕಣೇ.

ಎಲ್ಲಾ ಈ ಬ್ಯಾಗಿನ ದೆಸೆಯಿಂದ. ವಿಮಾನದೊಳಗೆ ಕೈಯಲ್ಲೇ ಒಯ್ಯುವ ಬ್ಯಾಗಿಗೆ ಅವರದೊಂದು ಅಳತೆಯಿದೆಯಂತೆ. ಅಂಗಡಿಯವನು, "ಕಣ್ಣು ಮುಚ್ಚಿ ತಗೊಳ್ಳಿ ಅಕ್ಕಾ, ಎಲ್ಲಾ ವಿಮಾನಕ್ಕೂ ಆಗುತ್ತೆ" ಎಂದ. ನಾನು ಕಣ್ಣು ಮುಚ್ಚುವವಳೇ? ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಅಳೆದೆ. ಚಕ್ರ ಸೇರಿಸಿದರೆ ಉದ್ದ ಹೆಚ್ಚು! "ಚಕ್ರಾನ ಯಾರು ಅಳೀತಾರೆ?" ಎಂದು ನಕ್ಕ. ಟಿಕೆಟ್ಟಿನಲ್ಲಿ ಚಕ್ರವೂ ಸೇರಿ ಎಂದೇ ಬರೆದಿದೆ. ಸಿಟ್ಟು ಬಂದು ಎದ್ದು ಬಂದೆ.

ದಪ್ಪ ಕ್ಯಾನ್ವಾಸ್ ತಂದು ನಾನೇ ಹೊಲಿದೆ. ನಿನ್ನ ಭಾವ ವಿಮಾನದವರ ಅಳತೆಗೆ ಸರಿಯಾಗಿ ಒಂದು ರಟ್ಟಿನ ಡಬ್ಬ ಮಾಡಿಕೊಟ್ಟರು. ಇಳಿಸಿ ನೋಡಿದರೆ ಬ್ಯಾಗು ಒಳಗೆ ಹೋಗಲೊಲ್ಲದು. ಆಗಿದ್ದೇನು ಗೊತ್ತೇ? ಮಕ್ಕಳ ಅಂಗಿಗೆ ಬಿಡುವ ಹಾಗೆ, ಕತ್ತರಿಸುವಾಗ ಸುತ್ತಲೂ ಹೆಚ್ಚಿಗೆ ಬಟ್ಟೆ ಬಿಟ್ಟಿದ್ದೆ. ಭಾವ ಹೊಟ್ಟೆ ಹಿಡಿದು ನಕ್ಕರು. "ಯಾಕೆ, ಮುಂದಿನ ವರ್ಷಕ್ಕೆ ಬ್ಯಾಗು ಬೆಳೆಯುತ್ತಾ?" ಎಲ್ಲಾ ಬಿಚ್ಚಿ ಮತ್ತೆ ಹೊಲಿದೆ.

ಖಾಲಿ ಬ್ಯಾಗೇನೋ ಇಳಿಯಿತು. ನಿನಗೆ ಹೊಲಿದ ಅಂಗಿಗಳನ್ನಿಟ್ಟರೆ ಹೊಟ್ಟೆ ಬಂದು ಸಿಕ್ಕಿಕೊಂಡಿತು. "ಇಷ್ಟು ದಪ್ಪ ಯಾಕಿದಾವೆ ಈ ಅಂಗಿಗಳು? ದೊಡ್ಡ ಪೆಟ್ಟಿಗೆಗೆ ಹಾಕಿ ಕಳಿಸಿಬಿಡು" ಎಂದರು ಭಾವ. ಸುತರಾಂ ಆಗದು. ಹೋದ ಸಲ ನಾನೊಂದು ಕಡೆ ಇಳಿದೆ, ಪೆಟ್ಟಿಗೆ ಇನ್ನೆಲ್ಲೋ ಇಳಿಯಿತು. ನೀನು ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಹೋಗುವ ಬೆಳಿಗ್ಗೆ ಈ ಅಂಗಿ ನಿನ್ನ ಮೈಮೇಲಿರಬೇಕು. ಅದಕ್ಕೇ ಬ್ಯಾಗಿನಿಂದ ನನ್ನ ಬಟ್ಟೆಗಳನ್ನೆಲ್ಲ ತೆಗೆದೆ. ಒಂದರ ಮೇಲೊಂದು ತೊಟ್ಟುಕೊಂಡೇ ಬರುತ್ತೇನೆ. ನನ್ನನ್ನು ಆ ಡಬ್ಬಕ್ಕೆ ಇಳಿಸಿ ನೋಡುವವರು ಯಾರೂ ಇಲ್ಲವಲ್ಲ!

ಈಗ ಇಳಿಯುತ್ತದೆ, ಕಷ್ಟಪಟ್ಟು. ಆದರೂ ನಂಬಿಕೆಯಿಲ್ಲ. ಅಡುಗೆಗೆ ಇಟ್ಟು ಬಂದು ಒಮ್ಮೆ ಇಳಿಸುತ್ತೇನೆ, ಗಿರಾಕಿ ಹೋದಮೇಲೆ ಇನ್ನೊಮ್ಮೆ. "ಬಿಡೇ ಮಾರಾಯ್ತಿ, ಡಬ್ಬದ ತಳ ಕಿತ್ತು ಬರುತ್ತೆ" ಎನ್ನುತ್ತಾರೆ ಭಾವ. ವಿಮಾನದ ಬಾಗಿಲಲ್ಲೇ ತಡೆದು ಬ್ಯಾಗು ಕಸಿದುಕೊಂಡರೆ ಏನು ಮಾಡಲಿ?

ಹೊತ್ತಿಗೆ ಸರಿಯಾಗಿ ಊಟ ಮಾಡು. ಮನೆಯವರಿಗೆ ಕೇಳಿದೆನೆಂದು ಹೇಳು. ನೂರು ಕಾಲ ನಗುನಗುತ್ತಾ ಇರು, ನನ್ನ ಕಂದಾ.

ನಿನ್ನ
ಅಕ್ಕ

ಮರೆತ ಮಾತು: ಮರೆತಿದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. "ಹಳೇ ಅಳತೇಲೇ ಹೊಲಿ ಅಕ್ಕಾ" ಎಂದೆ ನೀನು ಫೋನಿನಲ್ಲಿ. ಆಪರೇಷನ್ ಮಾಡಿ ಎಡಗಡೆಯ ಮೊಲೆ ತೆಗೆದಿದ್ದಾರೆಂದು ನಿನ್ನ ಗಂಡ ಹೇಳಿದರು. ಅವರನ್ನು ಬೈಯಬೇಡ, ಹೇಳುತ್ತಾ ಅತ್ತುಬಿಟ್ಟರು. ನಿನ್ನ ಮೊದಲ ಲಂಗದಿಂದ ನಿನ್ನ ಮೈ ಅಳೆದವಳು ನಾನು. ನನ್ನಿಂದಲೇ ಮುಚ್ಚಿಟ್ಟೆಯಲ್ಲೇ! ಪ್ರತಿ ಅಂಗಿಗೂ ಎಡಗಡೆ ಒಳಗೆ ಮೆತ್ತನೆ ಹತ್ತಿ ತುಂಬಿ ಹೊಲಿದಿದ್ದೇನೆ. ಬ್ಯಾಗು ಉಬ್ಬಿದ್ದು ಅದಕ್ಕೇ. ಒತ್ತಿ ಚಪ್ಪಟೆ ಮಾಡಲು ಮನಸ್ಸು ಬರಲಿಲ್ಲ. ಅಂದಾಜಿನಲ್ಲಿ ಹೊಲಿದದ್ದು, ಹೆಚ್ಚುಕಡಿಮೆ ಇದ್ದೀತು. ನಾನು ಬಂದಾಗ ಶಾಲು ಹೊದ್ದು ನಿಲ್ಲಬೇಡ. ಟೇಪು ತರುತ್ತಿದ್ದೇನೆ.