ಚಿತ್ರದ ಮುಂದೆ ಹಚ್ಚಿಟ್ಟ ಊದಿನಕಡ್ಡಿ

ಅಮೃತಾಪುರ
ಗುರುವಾರ

ನನ್ನ ಹುಚ್ಚಮ್ಮಜ್ಜಿಗೆ,

ಇದನ್ನು ನೋಡಿದ ಕೂಡಲೇ ನೀನು ಏನು ಕೇಳುತ್ತೀಯ ಎಂದು ಗೊತ್ತು. ‘ಫೋನ್ ಇಟ್ಕಂಡು ಕಾಗ್ದ ಯಾಕ್ ಬರ್ದ್ಲೇ ಇವ್ಳು?’ ಫೋನಿನಲ್ಲಿ ಹೇಳಿಬಿಡೋಣ ಎಂದು ಎರಡು ಸಲ ಪ್ರಯತ್ನ ಮಾಡಿದೆ. ನಿನ್ನ ದನಿ ಕೇಳುತ್ತಲೇ ‘ಊಟ ಆಯ್ತಾ’ ಬಿಟ್ಟು ಬೇರೆ ಮಾತೇ ಹೊರಡಲಿಲ್ಲ. ಶಂಕರಮ್ಮತ್ತೆಯ ಮಗಳು ಧನ್ಯಶ್ರೀ ನಿನಗೆ ಓದಿ ಹೇಳುತ್ತಾಳೆ. ಧನ್ಯಾ, ನನ್ನ ಮಾನ ಹೋಗುವ ಜಾಗ ಬಂದರೆ ಹಾರಿಸಬೇಡ ಕಣೇ. ಅಲ್ಲೇ ಇನ್ನೂ ನಿಧಾನವಾಗಿ ಓದು, ಅಜ್ಜಿಗೆ ಕಿವಿ ಮಂದ.

ಅಜ್ಜೀ, ನನಗೆ ತುಂಬಾ ಹೆದರಿಕೆಯಾಗುತ್ತಿದೆ. ‘ನಾಕ್ ದಿನ ಇದ್ದು ಬತ್ತೀನಿ’ ಎಂದು ಸಖರಾಯಪಟ್ಟಣಕ್ಕೆ ಶಂಕರಮ್ಮತ್ತೆಯ ಮನೆಗೆ ಹೋದ ನೀನು ಹದಿನೇಳು ದಿನವಾದರೂ ಬಂದಿಲ್ಲ. ನಿನ್ನೆ ಅತ್ತೆ ಫೋನ್ ಮಾಡಿ, ನಿನಗೆ ಜ್ವರ, ಗಂಜಿ ಕೂಡ ಸೇರುತ್ತಿಲ್ಲ ಎಂದರಂತೆ. ಫೋನ್ ಇಟ್ಟ ಅಮ್ಮ ನನ್ನ ಮುಖ ನೋಡಿದಳು, ಆಮೇಲೆ ಕಾಯಿ ರೂಮಿನ ಬಾಗಿಲು ನೋಡಿದಳು. ಆ ರೂಮಿನಲ್ಲಿ ನಿನ್ನ ಚಿತ್ರವಿದೆ.

ನಾನು ದಾವಣಗೆರೆಯಲ್ಲಿ ಏನು ಓದುತ್ತಿದ್ದೇನೆ ಎಂದು ಯಾರಾದರೂ ಕೇಳಿದರೆ ನೀನು ‘ಬಣ್ಣ ಬಳಿಯೋದು’ ಎನ್ನುತ್ತಿದ್ದೆ. ಮೂರೂವರೆ ವರ್ಷ ನಿಜವಾಗಿಯೂ ಅಷ್ಟೇ ಮಾಡಿದ್ದು. ಮೇಜಿನ ಮೇಲೆ ಒಂದು ಹೂಜಿ, ಪಕ್ಕದಲ್ಲಿ ಮುದುರಿದ ಒಂದು ಬಟ್ಟೆ ಇಟ್ಟು ರಘುನಾಥ್ ಸರ್ ‘ನಾಲ್ಕು ಗಂಟೆಗೆ ಮುಗೀಬೇಕು’ ಎನ್ನುತ್ತಿದ್ದರು. ನಾನು ಮೂರೂವರೆಗೇ ಮುಗಿಸಿ ಭೇಷ್ ಅನ್ನಿಸಿಕೊಳ್ಳುತ್ತಿದ್ದೆ. ಕೊನೆಯ ಸೆಮಿಸ್ಟರಿಗೆ ಬಂದಾಗ ಹೂಜಿಯೂ ಇಲ್ಲ, ಬಟ್ಟೆಯೂ ಇಲ್ಲ. ನಿಮ್ಮ ಜಾಗ ನೀವೇ ಮಾಡಿಕೊಳ್ಳಿ, ನಿಮ್ಮ ವಿಷಯ ನೀವೇ ಹುಡುಕಿಕೊಳ್ಳಿ, ಜೂನ್‌ನಲ್ಲಿ ಪ್ರದರ್ಶನಕ್ಕೆ ತನ್ನಿ ಎಂದು ಮನೆಗೆ ಕಳಿಸಿಬಿಟ್ಟರು. ‘ಏನ್ ಬರೀಲಿ ಸಾರ್’ ಎಂದು ಬಾಗಿಲವರೆಗೂ ಹಿಂದೆ ಬಿದ್ದೆ. ‘ಅದೊಂದನ್ನ ನನ್ನ ಕೇಳ್ಬೇಡಮ್ಮ. ದಿನಾ ಒಂದೇ ಹೊತ್ತಿಗೆ ಹೋಗಿ ಕೂತ್ಕೋ. ಏನೂ ಬರದೇ ಇದ್ರೂ ಎದ್ದು ಬರಬೇಡ’ ಎಂದರು.

ಅಪ್ಪ ತೆಂಗಿನಕಾಯಿ ರಾಶಿಯನ್ನು ಹಿತ್ತಲಿಗೆ ಸಾಗಿಸಿ ಕಾಯಿ ರೂಮು ಖಾಲಿ ಮಾಡಿಕೊಟ್ಟರು. ಬೆಳಕು ಬರಲಿ ಎಂದು ಗೋಡೆ ಒಡೆಸಿ ಕಿಟಕಿ ಇಡಿಸಿದರು. ‘ಇದು ನಿನ್ ಆಫೀಸು ಕಣವ್ವ’ ಎಂದು ಎಷ್ಟು ಹೆಮ್ಮೆಯಿಂದ ಹೇಳಿದರು, ನೆನಪಿದೆಯಾ? ಆ ಆಫೀಸಿನಲ್ಲಿ ನಾನು ದಿನಾ ಹತ್ತು ಗಂಟೆಗೆ ಕೂತು ಬೆವರುತ್ತಿದ್ದೆ. ಕೈ ಎತ್ತಿದರೆ ಯಾರೋ ಹೇಳಿಕೊಟ್ಟ ಗೆರೆಯೇ ಬರುತ್ತಿತ್ತು. ಹೇಳಿಕೊಟ್ಟದ್ದನ್ನೆಲ್ಲ ತೆಗೆದು ಪಕ್ಕಕ್ಕಿಟ್ಟರೆ ನನ್ನಲ್ಲಿ ಉಳಿಯುವುದು ಏನೂ ಇಲ್ಲವೇನೋ ಎಂದು ಹೆದರಿ, ಎಳೆದ ಗೆರೆಯನ್ನೆಲ್ಲ ಅಳಿಸಿಬಿಡುತ್ತಿದ್ದೆ. ಊಟಕ್ಕೆ ಕೂತಾಗ ಅಪ್ಪ ‘ಕೆಲ್ಸ ಹೆಂಗೈತೆ’ ಎಂದರೆ ‘ನಡೀತಿದೆ’ ಎನ್ನುತ್ತಿದ್ದೆ. ಮೂರು ವಾರ ಹಾಗೆ ಸುಳ್ಳು ಹೇಳಿಕೊಂಡು ಉಂಡಿದ್ದೇನೆ.

ಆಗ ನೀನು ಬಂದೆ. ಹುಣಸೆಹಣ್ಣಿನ ಬುಟ್ಟಿ, ಜಜ್ಜುವ ಕಲ್ಲು, ಒಂದು ಗೋಣಿತಾಟು ಹಿಡಿದುಕೊಂಡು, ‘ಇಲ್ಲಿ ತಣ್ಣಗೈತೆ, ನಾನೇನ್ ಮಾತಾಡಲ್ಲ, ನಿನ್ ಪಾಡಿಗ್ ನೀನಿರು’ ಎಂದು ಗೋಡೆಗೊರಗಿ ಕೂತೆ. ಕೂತವಳು ಎರಡು ಗಂಟೆ ಬಿಡದೆ ಮಾತಾಡಿದೆ. ಯಾರ ಸೊಸೆ ಯಾರಿಗೆ ಏನೆಂದಳು ಎಂಬುದೆಲ್ಲ ಮುಗಿಯುವಷ್ಟರಲ್ಲಿ ನನ್ನ ಕೈ ತಾನಾಗಿ ಓಡುತ್ತಿತ್ತು. ಬಗ್ಗಿದ ನಿನ್ನ ಕತ್ತು, ಬೀಜ ತೆಗೆಯುವ ಬೆರಳು, ಮೊಣಕಾಲಿನ ಮೇಲೆ ಬಿದ್ದ ಸೆರಗು. ಮಾರನೆಯ ದಿನವೂ ಬಂದೆ. ಹುಣಸೆ ಮುಗಿದ ಮೇಲೂ ಬಂದೆ, ಸುಮ್ಮನೆ ಕೂರಲು. ನನ್ನ ಎದೆಯೆತ್ತರದ ಕ್ಯಾನ್ವಾಸಿನಲ್ಲಿ ನೀನು ನೀನಿರುವಷ್ಟೇ ದೊಡ್ಡದಾಗಿ ಮೂಡುತ್ತಾ ಬಂದೆ. ಯಾರೂ ಹೇಳಿಕೊಡದೆ ನಾನು ಮಾಡಿದ ಮೊದಲ ಕೆಲಸ ಅದು. ‘ಏನೇ ಹಂಗ್ ನೋಡ್ತೀಯ, ಸಂತೇಲಿ ಎಮ್ಮೆ ಕೊಳ್ಳೋರಂಗೆ’ ಎಂದು ನೀನು ಗದರಿದರೆ ನಕ್ಕುಬಿಡುತ್ತಿದ್ದೆ. ಈಗ ಆ ಮಾತು ನೆನಪಾದರೆ ನಗು ಬರುವುದಿಲ್ಲ.

ಆ ದಿನದ ತಪ್ಪು ಪೂರ್ತಿ ನನ್ನದು. ಎಣ್ಣೆಬಣ್ಣ ಬೇಗ ಒಣಗುವುದಿಲ್ಲ, ರೂಮಿನಲ್ಲಿ ಗಾಳಿಯಾಡುವುದಿಲ್ಲ ಎಂದು ಚಿತ್ರವನ್ನು ಹೊತ್ತು ತಂದು ಜಗಲಿಯ ಮೇಲೆ ಕುರ್ಚಿಯಲ್ಲಿಟ್ಟು ಗೋಡೆಗೆ ಒರಗಿಸಿದೆ. ಹಸಿ ಬಣ್ಣಕ್ಕೆ ನೊಣ ಬಂದು ಅಂಟುತ್ತಿದ್ದವು. ನಿನ್ನ ಮೂಗಿನ ಮೇಲೆಯೇ ಒಂದು ಕೂತಿತ್ತು. ಹೊಗೆಗೆ ದೂರ ಹೋಗಲಿ ಎಂದು ಒಂದು ಲೋಟದಲ್ಲಿ ಅಕ್ಕಿ ಹಾಕಿ ನಾಲ್ಕು ಊದಿನಕಡ್ಡಿ ಸಿಕ್ಕಿಸಿ ಚಿತ್ರದ ಮುಂದಿಟ್ಟೆ. ಅಪ್ಪ ಅಮ್ಮ ತೋಟದಲ್ಲಿದ್ದರು. ನೀನು ಉಂಡು ಒಳಗೆ ಮಲಗಿದ್ದೆ. ಬಿಳಿ ಬಣ್ಣ ಮುಗಿದಿತ್ತೆಂದು ನಾನು ನಮ್ಮ ಬೀದಿಯ ತಿಪ್ಪೇಶಣ್ಣನ ಆಟೊ ಹತ್ತಿ ತರೀಕೆರೆಗೆ ಹೋದೆ. ಕುರ್ಚಿಯ ಮೇಲೆ ಮುದುಕಿಯ ಪಟ, ಮುಂದೆ ಊದಿನಕಡ್ಡಿ. ನಮ್ಮ ಕಡೆ ಅದನ್ನು ಯಾವಾಗ ಹಾಗೆ ಇಡುತ್ತಾರೆ ಎಂದು ಇಪ್ಪತ್ತೆರಡು ವರ್ಷ ಇದೇ ಊರಿನಲ್ಲಿ ಬೆಳೆದ ನನಗೆ ಹೊಳೆಯಲೇ ಇಲ್ಲ.

ನನ್ನನ್ನು ಇಳಿಸಿ ವಾಪಸ್ ಹೋದ ತಿಪ್ಪೇಶಣ್ಣನೇ ಅದನ್ನು ಮೊದಲು ನೋಡಿದ್ದು. ಬೀದಿಯಲ್ಲೇ ಚಪ್ಪಲಿ ಬಿಟ್ಟು ಕೈಮುಗಿದನಂತೆ. ಆಮೇಲೆ ಅತ್ತೆಗೆ ಫೋನು, ನನಗೆ ಫೋನು. ‘ಸ್ಪೂರ್ತೀ, ಎಲ್ಲಿದ್ರೂ ಬಂದ್ಬಿಡವ್ವ. ಅಜ್ಜಿ ಹೋಗ್ಬಿಟ್ರು.’ ನಾನು ತರೀಕೆರೆಯ ಅಂಗಡಿಯ ಮುಂದೆ ಬಣ್ಣದ ಟ್ಯೂಬು ಹಿಡಿದು ನಿಂತಿದ್ದೆ.

ಧನ್ಯಾ, ಇನ್ನು ನಿಧಾನವಾಗಿ ಓದು.

ಅಜ್ಜೀ, ಆ ಮಾತು ಕಿವಿಗೆ ಬಿದ್ದಾಗ ನನಗೆ ಮೊದಲು ಬಂದದ್ದು ಅಳುವಲ್ಲ. ‘ಬಲಗೈ ಇನ್ನೂ ಮುಗಿದಿಲ್ಲವಲ್ಲ’ ಎಂಬ ಯೋಚನೆ. ಇನ್ನು ಆ ಕೈಯನ್ನು ಎಲ್ಲಿ ನೋಡಿ ಬರೆಯಲಿ ಎಂದುಕೊಂಡೆ. ಅದಾದ ಮೇಲೆ ಅಳು ಬಂತು, ಸಿಕ್ಕ ಆಟೊ ಹತ್ತಿ ದಾರಿಯುದ್ದಕ್ಕೂ ಅತ್ತೆ. ಅಪ್ಪನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಆದರೆ ಅಳುತ್ತಿರುವಾಗಲೂ ಮೊದಲು ಬಂದದ್ದು ಮೊದಲೇ ಬಂದಾಗಿತ್ತು. ಇದನ್ನು ಇದುವರೆಗೂ ಯಾರಿಗೂ ಹೇಳಿಲ್ಲ.

ಮನೆ ಮುಂದೆ ಜನ ತುಂಬಿದ್ದರು. ಯಾರೋ ಚಿತ್ರಕ್ಕೆ ಸೇವಂತಿಗೆ ಹಾರ ಹಾಕಿದ್ದರು, ಅದು ಹಸಿ ಬಣ್ಣಕ್ಕೆ ಒತ್ತಿಕೊಂಡಿತ್ತು. ಯಾರೂ ಅಳುತ್ತಿಲ್ಲ ಎಂಬುದನ್ನು ಕೂಡ ನಾನು ಗಮನಿಸಲಿಲ್ಲ. ಜನರನ್ನು ನೂಕಿಕೊಂಡು ಹೋಗಿ ಹಾರ ಕಿತ್ತು ಬಿಸಾಕಿದೆ. ಕೆನ್ನೆಯ ಬಣ್ಣ ಎಷ್ಟು ಕಿತ್ತು ಬಂದಿದೆ ಎಂದು ಬಗ್ಗಿ ನೋಡಿದೆ. ತಲೆ ಎತ್ತಿದಾಗ ಹೊಸಿಲ ಮೇಲೆ ನೀನು ನಿಂತಿದ್ದೆ. ಕೆದರಿದ ತಲೆ, ನಿದ್ದೆಗಣ್ಣು. ನೀನು ಸತ್ತಿದ್ದೀಯ ಎಂದು ನಂಬಿಕೊಂಡು ಬಂದ ನಾನು ಒಳಗೆ ಓಡಲಿಲ್ಲ, ಚಿತ್ರದ ಹತ್ತಿರ ಓಡಿದೆ. ನೀನು ಅದನ್ನು ನೋಡುತ್ತಾ ನಿಂತಿದ್ದೆ.

ಅದಕ್ಕೆ ಸ್ವಲ್ಪ ಮುಂಚೆ ನೀನು ಅಳುವ ಸದ್ದಿಗೆ ಎದ್ದು ಬಂದು ‘ಯಾರ್ರೇ ಹೋದೋರು?’ ಎಂದು ಕೇಳಿದ್ದು, ಎದುರು ಮನೆಯ ಅನಿತಕ್ಕ ಕಿರುಚಿ ಜಗಲಿಯಿಂದ ಕೆಳಗೆ ಬಿದ್ದದ್ದು, ತಿಪ್ಪೇಶಣ್ಣ ನಿನ್ನ ಕಾಲು ಹಿಡಿದದ್ದು ಎಲ್ಲ ನನಗೆ ಆಮೇಲೆ ತಿಳಿಯಿತು. ಊರು ಇನ್ನೂ ನಗುತ್ತಿದೆ. ನೀನೂ ನಕ್ಕೆ. ‘ನನ್ ಮಣ್ಣಿಗ್ ಬಂದಿದೀರ, ಹಸ್ಕಂಡ್ ಹೋಗ್ಬ್ಯಾಡಿ’ ಎಂದು ಅಮ್ಮನ ಕೈಯಲ್ಲಿ ಅನ್ನ ಸಾರು ಮಾಡಿಸಿ ಎಲ್ಲರಿಗೂ ಬಡಿಸಿದೆ. ನನಗೂ ಬಡಿಸಿದೆ, ಮುಖ ನೋಡದೆ. ಬಸ್ಸಿನಲ್ಲಿ ಅತ್ತುಕೊಂಡೇ ಬಂದ ಅತ್ತೆಯ ಜೊತೆ ಸಂಜೆಗೇ ನೀನು ಹೊರಟುಬಿಟ್ಟೆ.

ಬದುಕಿರುವವರನ್ನು ಅಷ್ಟು ದೊಡ್ಡದಾಗಿ ಬರೆಯಬಾರದಿತ್ತು, ಪಟಕ್ಕೆ ಹೆದರಿ ಅಜ್ಜಿ ಊರು ಬಿಟ್ಟು ಹೋದಳು ಎಂದು ಎಲ್ಲರೂ ಹೇಳುತ್ತಾರೆ. ನಾನು ಹೂಂ ಎನ್ನುತ್ತೇನೆ. ಪಟಕ್ಕೆ ಹೆದರುವವಳು ನೀನಲ್ಲ ಎಂದು ನನಗೆ ಗೊತ್ತಿದೆ. ಆದರೆ ನಿನಗೆ ಜ್ವರ ಎಂದು ಕೇಳಿದಾಗಿನಿಂದ ಆ ಮಾತಿಗೂ ಹೆದರುತ್ತಿದ್ದೇನೆ. ಓದಿದ ಹುಡುಗಿ ನಾನು. ಆದರೂ ನಿನ್ನೆ ಹೋಗಿ ಚಿತ್ರವನ್ನು ಗೋಡೆ ಕಡೆ ತಿರುಗಿಸಿಟ್ಟೆ. ನಿನ್ನನ್ನು ಮೂಲೆಗೆ ನಿಲ್ಲಿಸಿದಂತಾಯಿತಲ್ಲ ಎಂದು ಮತ್ತೆ ಈ ಕಡೆ ತಿರುಗಿಸಿದೆ. ಕೆನ್ನೆಯ ಮೇಲೆ ಹಾರದ ಗುರುತು ಹಾಗೇ ಇದೆ. ಅದನ್ನು ಒರೆಸಲು ಕೈ ಬರುತ್ತಿಲ್ಲ, ಒರೆಸದಿರಲೂ ಆಗುತ್ತಿಲ್ಲ.

ಸರ್‌ಗೆ ಫೋನ್ ಮಾಡಿದ್ದೆ. ನಡೆದದ್ದು ಹೇಳಿ, ಚಿತ್ರ ಬಿಟ್ಟುಬಿಡಲಾ ಎಂದು ಕೇಳಿದೆ. ‘ಬಿಡು’ ಅಂದಿದ್ದರೆ ಬಿಡುತ್ತಿದ್ದೆ, ‘ಫೋಟೊ ನೋಡಿ ಮುಗಿಸು’ ಅಂದಿದ್ದರೆ ಮುಗಿಸುತ್ತಿದ್ದೆ. ಅವರು ‘ಇದಕ್ಕೆ ನಾನು ಮಾರ್ಕ್ಸ್ ಹಾಕಬಹುದು ಅಷ್ಟೇ ಸ್ಪೂರ್ತಿ, ಉತ್ತರ ಹೇಳೋಕಾಗಲ್ಲ’ ಎಂದರು. ಸ್ವಂತವಾಗಿ ಕೆಲಸ ಮಾಡುವುದು ಎಂದರೆ ಯಾರೂ ಶುರು ಮಾಡು ಎನ್ನದಿರುವುದು ಎಂದುಕೊಂಡಿದ್ದೆ. ಸಾಕು ನಿಲ್ಲಿಸು ಎನ್ನುವವರೂ ಇರುವುದಿಲ್ಲ ಎಂದು ಆಗ ಗೊತ್ತಾಯಿತು. ಖಾಲಿ ಕ್ಯಾನ್ವಾಸಿನ ಮುಂದೆ ಕೂತಿದ್ದಾಗ ನನ್ನೊಳಗೆ ಏನೂ ಇಲ್ಲವೇನೋ ಎಂದು ಹೆದರಿದ್ದೆ. ಏನೋ ಇದೆ ಅಜ್ಜಿ. ಅದು ಇಂಥದ್ದು ಎಂದು ಈಗ ಅದಕ್ಕಿಂತ ಹೆಚ್ಚು ಹೆದರಿದ್ದೇನೆ.

ಭಾನುವಾರ ಬರುತ್ತೇನೆ. ಕಡೂರಿನಲ್ಲಿ ಬಸ್ಸು ಬದಲಾಯಿಸಿ ಹನ್ನೊಂದಕ್ಕೆಲ್ಲ ಅಲ್ಲಿರುತ್ತೇನೆ. ಒಂದು ಪೆನ್ಸಿಲ್ಲನ್ನೂ ತರುವುದಿಲ್ಲ. ಆದರೆ ಕಣ್ಣನ್ನು ಮನೆಯಲ್ಲಿ ಬಿಟ್ಟು ಬರಲಾಗುವುದಿಲ್ಲವಲ್ಲ. ಜ್ವರದಲ್ಲಿ ಮಲಗಿರುವ ನಿನ್ನನ್ನು ನೋಡಿದಾಗ ಮೊದಲು ನೀನು ಕಾಣುತ್ತೀಯೋ, ಒಳಗೆ ಹೋದ ಕೆನ್ನೆಯ ನೆರಳು ಕಾಣುತ್ತದೋ, ನನಗೆ ಗೊತ್ತಿಲ್ಲ. ಈ ಹದಿನೇಳು ದಿನ ನಾನು ಬಸ್ಸು ಹತ್ತದೆ ಉಳಿದದ್ದು ಅದೇ ಹೆದರಿಕೆಗೆ.

‘ಚಿತ್ರ ಹಾಳಾಗಿ ಹೋಗಲಿ, ನೀನು ಬಂದರೆ ಸಾಕು’ ಎಂದು ಬರೆದು ಈ ಕಾಗದ ಮುಗಿಸಬೇಕೆಂದಿದ್ದೆ. ಅಮ್ಮನೂ ಹಾಗೇ ಬರಿ ಎಂದಳು. ಬರೆಯಲು ಹೋದರೆ ಪೆನ್ನು ನಿಂತುಬಿಟ್ಟಿತು. ನನಗೆ ನೀನೂ ಬೇಕು, ಚಿತ್ರವೂ ಬೇಕು. ಯಾವುದು ಮೊದಲು ಎಂದು ನೀನು ಕೇಳಿದರೆ ಒಂದು ಕ್ಷಣವೂ ಯೋಚಿಸದೆ ನೀನೇ ಎನ್ನುತ್ತೇನೆ. ಆದರೆ ಆವತ್ತು ಜಗಲಿಯಲ್ಲಿ ನೀನು ಕೇಳದೆಯೇ ಉತ್ತರ ನೋಡಿಬಿಟ್ಟೆ.

ಕಾಗದವನ್ನು ನಾಳೆ ಆ ಕಡೆ ಬರುವ ತಿಪ್ಪೇಶಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗೆ ಬೈಯಬೇಡ, ಬೈಗುಳವನ್ನೆಲ್ಲ ಭಾನುವಾರಕ್ಕೆ ನನಗೇ ಇಟ್ಟಿರು. ಅಷ್ಟರಲ್ಲಿ ಅಮೃತೇಶ್ವರ ನಿನ್ನ ಜ್ವರ ಇಳಿಸಲಿ, ಎರಡು ತುತ್ತು ಒಳಗೆ ಹೋಗಲಿ.

ನಿನ್ನೆದುರು ಬಂದು ನಿಲ್ಲಲು ಹೆದರುತ್ತಲೇ ಹೊರಟಿರುವ ನಿನ್ನ ಮೊಮ್ಮಗಳು,
ಸ್ಪೂರ್ತಿ