ಕುಳ್ಳಮ್ಮ ಹುಣಸೂರಿಗೆ ಹೋದದ್ದು

ಅಂತರಸಂತೆ
18–11–2024

ಚಿ. ಸೌ. ಅನುಶ್ರೀಗೆ, ಅಪ್ಪನ ಆಶೀರ್ವಾದಗಳು.

ಹೊಸ ಅಗ್ರಹಾರದಲ್ಲಿ ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಪತ್ರ ತಡವಾಯಿತು, ಬೈಯಬೇಡ. ಫೋನಿದ್ದೂ ಇದೇನು ಪತ್ರ ಎನ್ನುತ್ತೀಯೇನೋ. ಫೋನಿನಲ್ಲಿ ನೀನು "ಊಟ ಆಯ್ತಾ, ಮಾತ್ರೆ ತಗೊಂಡ್ಯಾ" ಎನ್ನುವಷ್ಟರಲ್ಲಿ ನನ್ನ ಮಾತು ಮರೆತೇಹೋಗಿರುತ್ತದೆ.

"ರಿಟೈರಾದ್ಮೇಲಾದ್ರೂ ಸುಮ್ನೆ ಕೂತ್ಕಳಪ್ಪ" ಎಂದಿದ್ದೆಯಲ್ಲ, ಕೂತಿದ್ದೇನೆ, ಆದರೆ ಹಾಲಿನ ಡೈರಿಯ ಜಗಲಿ ಮೇಲೆ. ಬೆಳಿಗ್ಗೆ ಹಾಲು ಹಾಕಿದ ಏಳು ಹೆಂಗಸರು ಸ್ಲೇಟು ಹಿಡಿದು ಎದುರಿಗೆ ಕೂರುತ್ತಾರೆ. ನಲವತ್ತು ಮಕ್ಕಳನ್ನು ಸುಧಾರಿಸಿದವನಿಗೆ ಈ ಏಳು ಜನರ ಮಾತು ನಿಲ್ಲಿಸಲು ಆಗುತ್ತಿಲ್ಲ!

ಅವರಲ್ಲಿ ಕುಳ್ಳಮ್ಮನೇ ಹಿರಿಯಳು, ಅರವತ್ತು ದಾಟಿದೆ. ಒಮ್ಮೆ ಯಾರನ್ನೋ ಕೇಳಿ ಬಸ್ಸು ಹತ್ತಿ, ಹುಣಸೂರಿಗೆ ಹೊರಟವಳು ಸರಗೂರಲ್ಲಿ ಇಳಿದಿದ್ದಳಂತೆ. ಅಂದಿನಿಂದ ಒಬ್ಬಳೇ ಊರು ದಾಟಿರಲಿಲ್ಲ. "ಅ ಆ ಇ ಈ ಆಮೇಕೆ, ಮೊದ್ಲು ಬಸ್ಸಿನ್ ಬೋರ್ಡ್ ಏಳ್ಕೊಡಿ ಮೇಷ್ಟ್ರೇ" ಎಂದು ಹಟ ಹಿಡಿದಳು. ನಾನೂ ಸೋತು 'ಹುಣಸೂರು' ಎಂಬಲ್ಲಿಂದಲೇ ಪಾಠ ಶುರುಮಾಡಿದೆ.

ಕಳೆದ ಗುರುವಾರ ಪಾಠದ ನಡುವೆಯೇ ಸುದ್ದಿ ಬಂತು: ಹುಣಸೂರಿನಲ್ಲಿರುವ ಅವಳ ಮಗಳಿಗೆ ಹೆರಿಗೆ ನೋವು. ಮನೆಯಲ್ಲಿ ಕರೆದೊಯ್ಯುವವರು ಯಾರೂ ಇಲ್ಲ. ನಾನು ಬರುತ್ತೇನೆಂದರೆ, "ನೀವ್ ಬಂದ್ರೆ ನಾನ್ ಕಲ್ತಿದ್ದು ಯಾತಕ್ ಬಂತು? ಬುಡಿ" ಎಂದು ಸೆರಗು ಸಿಕ್ಕಿಸಿ ಹೊರಟೇಬಿಟ್ಟಳು. ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಮೂರು ಗಂಟೆಗೆ ಅವಳದೇ ಫೋನು.

"ಬಸ್ ಬದಲಾಯ್ಸಾಕೆ ಕೋಟೆ ಬಸ್‌ಸ್ಟ್ಯಾಂಡಲ್ಲಿ ಇಳ್ದಾಗ ಯಾರ್ನೂ ಕೇಳ್ನಿಲ್ಲ ಕಣ್ರೀ! ಮೂರು ಬಸ್ ಬುಟ್ಟು ನಾಕನೇದು ಅತ್ತುದೆ. ಆಸ್ಪತ್ರೇಲೂ ಬೋರ್ಡ್ ನೋಡ್ಕಂಡೇ ಬಂದೆ. ಮೊಮ್ಮಗ್ಳು ಉಟ್ಟವ್ಳೆ ಮೇಷ್ಟ್ರೇ!"

ದಾರಿಯಲ್ಲಿ ಕಿಟಕಿಯಾಚೆ ಕೈ ಚಾಚಿದ್ದವನನ್ನು, "ಅಲ್ಲಿ ಬರ್ದಿರದು ಕಾಣಾಕಿಲ್ವಾ?" ಎಂದು ಗದರಿದಳಂತೆ. ಈಗ ಜಗಲಿಗೆ ಹನ್ನೊಂದು ಜನ ಬರುತ್ತಾರೆ. ಸುಮ್ಮನೆ ಕೂರು ಎಂದು ಮತ್ತೆ ಹೇಳಬೇಡ ಮಗಳೇ. ನನ್ನ ಮಂಡಿನೋವೂ ಅಲ್ಲಿ ನೆನಪಾಗುವುದಿಲ್ಲ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮೊಮ್ಮಗ ಚಿನ್ನುವಿಗೆ ಮುತ್ತು. ನಿಮ್ಮ ಮನೆ ನಗುತ್ತಿರಲಿ.

ನಿನ್ನ ಅಪ್ಪ,
ಮಹದೇವಪ್ಪ

ಮರೆತ ಮಾತು: ಮರೆತದ್ದಲ್ಲ, ಹೇಳಲು ಧೈರ್ಯವಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಿನ್ನವ್ವ "ನಂಗೂ ವಸಿ ಓದಾಕೆ ಏಳ್ಕೊಡಿ" ಎಂದಿದ್ದಳು. "ಮನೇಲೂ ಇಸ್ಕೂಲ್ ನಡೆಸ್ಲಾ?" ಎಂದು ನಕ್ಕುಬಿಟ್ಟೆ. ಸಾಯುವವರೆಗೂ ಅವಳು ಮತ್ತೆ ಕೇಳಲಿಲ್ಲ. ಹಾಸ್ಟೆಲಿನಿಂದ ನೀನು 'ಅವ್ವನಿಗೆ ಮಾತ್ರ' ಎಂದು ಬರೆದ ಪತ್ರವನ್ನೂ ನಾನೇ ಒಡೆದು ಓದಿ ಹೇಳಿದೆ. ಅದರಲ್ಲಿ ನನ್ನ ಸಿಟ್ಟಿನ ಬಗ್ಗೆ ನೀನು ದೂರಿದ್ದ ಎರಡು ಸಾಲು ಬಿಟ್ಟು ಓದಿದೆ. ಅವು ಅವಳಿಗೆ ಕೊನೆಗೂ ಮುಟ್ಟಲಿಲ್ಲ.