ಹದಿನೈದು ವರ್ಷ ಬಾಳಲಿರುವ ನಮ್ಮ ಕೈಪಂಪು

ಘಾಟಬೋರಾಳ, ಹುಮನಾಬಾದ್ ತಾಲ್ಲೂಕು
ಏಪ್ರಿಲ್ 1984

ಮಾನ್ಯ ನೀರು ಸರಬರಾಜು ಮೌಲ್ಯಮಾಪನಾಧಿಕಾರಿಗಳೇ,

ನಮ್ಮ ಓಣಿಯ ಕೈಪಂಪು ಇನ್ನೂ ಹದಿನೈದು ವರ್ಷ ಸಾಕಷ್ಟು ನೀರು ಕೊಡುತ್ತದೆ ಎಂದು ತಾವು ವರದಿ ಬರೆದಿದ್ದೀರಿ. ಆ ವರದಿಯ ದೆಸೆಯಿಂದ ನಮಗೆ ಮಂಜೂರಾಗಬೇಕಿದ್ದ ಎರಡನೆಯ ಕೊಳವೆಬಾವಿ ರದ್ದಾಗಿದೆ. ಪಂಪಿಗೆ ಮಾತ್ರ ತಮ್ಮ ವರದಿ ತಲುಪಿದಂತಿಲ್ಲ. ಬೆಳಿಗ್ಗೆ ಇಪ್ಪತ್ತು ಕೊಡ ತುಂಬಿದ ಮೇಲೆ ಅದು ಬರೀ ಗಾಳಿ ಉಗುಳುತ್ತದೆ. ಓಣಿಯಲ್ಲಿ ಅರವತ್ತು ಮನೆಗಳಿವೆ.

ಹಾಗಾದರೆ ತಾವು ಬಂದ ದಿನ ನೀರು ಧೋ ಎಂದು ಸುರಿದದ್ದು ಹೇಗೆ? ಹಿಂದಿನ ದಿನ ಬೆಳಿಗ್ಗೆಯೇ ತಾವು ಬರುವ ಸುದ್ದಿ ಡಂಗುರ ಸಾರಿದ್ದರು. ಬಂದವರ ಕಾಲಿಗೆ ನೀರು ಕೊಡದೆ ಮಾತನಾಡಿಸುವ ಪದ್ಧತಿ ನಮ್ಮಲ್ಲಿಲ್ಲ. ನನ್ನ ಹೆಂಡತಿ ಸೂಗಮ್ಮ ಪಂಪಿನ ಹಿಡಿಗೆ ಹಗ್ಗ ಬಿಗಿದು ಓಣಿಗೆಲ್ಲ ತಾಕೀತು ಮಾಡಿದಳು: "ನಾಳಿ ಸಾಹೇಬ್ರು ಬರೂತನಕ ಯಾರೂ ಬೋರಿಂಗ್ ಮುಟ್ಟಬ್ಯಾಡ್ರಿ. ಬಂದೋರ ಮುಂದ ನೀರಿಲ್ಲಂದ್ರ ಓಣಿ ಮರ್ಯಾದಿ ಏನುಳೀತದ?" ಎಲ್ಲರಿಗಿಂತ ಮೊದಲು ತಲೆಯಾಡಿಸಿದವನು ನಾನೇ. ನೀರಿಲ್ಲವೆಂದು ತೋರಿಸಬೇಕಾದ ದಿನಕ್ಕೆಂದೇ ನೀರು ಕೂಡಿಟ್ಟ ಪೆದ್ದರು ನಾವು.

ತಾವು ಎಂಟು ಸಲ ಹಿಡಿ ಒತ್ತಿ, ಕಾಲು ತೊಳೆದು, ಒಂದು ತಂಬಿಗೆ ಕುಡಿದು, ಹದಿನೈದು ವರ್ಷದ ಭವಿಷ್ಯ ನುಡಿದಿರಿ. ಈ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ ಸ್ವಾಮಿ? ಸರ್ಕಾರಿ ಪಾಯಖಾನೆಗಳು ಸ್ವಚ್ಛವಾಗಿವೆ ಎಂದೂ ಬರೆದಿದ್ದೀರಿ. ಸ್ವಚ್ಛವಾಗಿರದೆ ಏನಾದಾವು? ಸುರಿಯಲು ನೀರಿಲ್ಲದೆ ಕಟ್ಟಿದಂದಿನಿಂದ ಒಬ್ಬರೂ ಬಳಸಿಲ್ಲ. ತಾವು ಬಾಗಿಲು ತೆರೆದಿದ್ದರೆ ಒಳಗೆ ನಮ್ಮ ಓಣಿಯ ಕಾಶಿರಾಮ ಒಲೆಗೆಂದು ಒಟ್ಟಿದ ಸಗಣಿ ಕುಳ್ಳು ಕಾಣುತ್ತಿತ್ತು.

ಪಂಪಿಗೆ ಹಗ್ಗ ಬಿದ್ದಾಗ ಹೆಂಗಸರು ಹೊಲದಾಚೆಯ ಹಾಳುಬಾವಿಗೆ ಇಳಿಯಬೇಕಾಯಿತು. ತಾವು ಬಂದ ದಿನವೇ ನನ್ನ ಸೊಸೆ ಸರುಬಾಯಿ ಅಲ್ಲಿ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡಳು. ನಾನು ತಮಗೆ ಹಾರ ಹಾಕುತ್ತಿದ್ದಾಗ ಮಗ ಅವಳನ್ನು ಗಾಡಿಯಲ್ಲಿ ಹುಮನಾಬಾದಿನ ದವಾಖಾನೆಗೆ ಒಯ್ಯುತ್ತಿದ್ದ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೊನ್ನೆ ಆಕೆ ಪ್ಲಾಸ್ಟರಿನ ಕಾಲು ಚಾಚಿಕೊಂಡು ಸೂಗಮ್ಮನನ್ನು ಕೇಳಿದಳು: "ಅತ್ತಿ, ಆ ಸಾಹೇಬ್ರು ಮತ್ತ ಬರ್ತಾರೇನ್ರಿ? ಬಂದ್ರ ಈ ಸಲ ಬಾವಿಗೆ ಯಾರು ಹೋಗಬೇಕ್ರಿ?"

ಸೂಗಮ್ಮ ಕೊಡ ಎತ್ತಿಕೊಂಡು ಪಂಪಿನ ಪಾಳಿಗೆ ಹೋದಳು. ತಾವಾದರೂ ಉತ್ತರಿಸಿ. ಆ ವರದಿಯನ್ನು ಹಿಂಪಡೆದು ಎರಡನೆಯ ಕೊಳವೆಬಾವಿ ಮಂಜೂರು ಮಾಡಿಸಿ. ಅನುಮಾನವಿದ್ದರೆ ಮತ್ತೊಮ್ಮೆ ಬಂದು, ಅರವತ್ತನೆಯ ಮನೆಯ ಕೊಡ ತುಂಬುವವರೆಗೆ ಪಾಳಿಯಲ್ಲಿ ನಿಂತು ನೋಡಿ. ಆದರೆ ಬರುವ ದಿನವನ್ನು ಮಾತ್ರ ಯಾರಿಗೂ ತಿಳಿಸಬೇಡಿ. ತಿಳಿದರೆ ನಮ್ಮವರು ಮತ್ತೆ ತಮಗಾಗಿ ನೀರು ಉಳಿಸುತ್ತಾರೆ.

ಇಂತಿ,
ತಮ್ಮ ಕಾಲಿಗೆ ನೀರು ಹಾಕಿದ ತಪ್ಪಿತಸ್ಥ,
ಮಹಾರುದ್ರಪ್ಪ